ಹೊಸದಾಗಿ ಆಶಾ ಕಾರ್ಯಕರ್ತೆಯಾದ ತಂಗಿಗೆ



ಗುಲಾಬಿ ಸೀರೆ ಬಂತು, ಮಗು ತೂಗುವ ತಕ್ಕಡಿ, ಥರ್ಮಾಮೀಟರು ಇರುವ ಚೀಲ ಬಂತು, ದಪ್ಪನೆಯ ರಿಜಿಸ್ಟರೂ ಬಂತೆಂದು ಕೇಳಿದೆ. ಅವನ್ನು ಹೇಗೆ ಬಳಸಬೇಕೆಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ನಾನು ಬರೆಯುತ್ತಿರುವುದು ಬಾಯಿಯ ವಿಷಯ. ಮಲೆನಾಡಿನ ಆರೋಗ್ಯ ಉಪಕೇಂದ್ರಗಳಲ್ಲಿ ಎಎನ್‌ಎಂ ನರ್ಸಾಗಿ ದುಡಿದು ನಿವೃತ್ತಳಾದವಳು ನಾನು. ಒಳ್ಳೆಯ ಆಶಾ ಯಾರು ಎಂದರೆ, ಊರಿನ ಎಲ್ಲ ಮನೆಯ ಒಳಗುಟ್ಟು ತಿಳಿದೂ ಒಂದು ಮನೆಯ ಮಾತನ್ನು ಇನ್ನೊಂದು ಮನೆಯ ಜಗಲಿಗೆ ಒಯ್ಯದವಳು ಎನ್ನುತ್ತೇನೆ.

2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಸುಮಾರು ಸಾವಿರ ಜನಕ್ಕೊಬ್ಬಳು ಆಶಾ ಇರಬೇಕು, ಅವಳು ಅದೇ ಊರಿನವಳಾಗಿರಬೇಕು, ಆದಷ್ಟೂ ಊರಿನ ಸೊಸೆಯೇ ಆಗಿರಬೇಕು ಎಂದರು. ಮದುವೆಯಾಗಿ ಬೇರೆ ಊರು ಸೇರುವ ಹುಡುಗಿಗೆ ತರಬೇತಿ ಕೊಟ್ಟು ಏನು ಪ್ರಯೋಜನ ಎಂಬ ಲೆಕ್ಕ. ಲೆಕ್ಕವೇನೋ ಸರಿ. ಆದರೆ ಡಾಕ್ಟರಿಗೆ ವರ್ಗವಾಗುತ್ತದೆ, ನನಗೂ ಆಗುತ್ತಿತ್ತು. ನೀನು ಮಾತ್ರ ಇಲ್ಲೇ. ಇವತ್ತು ಯಾರ ಕಫದ ಡಬ್ಬಿಯನ್ನು ಆಸ್ಪತ್ರೆಗೆ ಒಯ್ದೆಯೋ, ನಾಳೆ ಅವರ ಮಗಳನ್ನು ನೋಡಲು ಬರುವ ಗಂಡಿನ ಕಡೆಯವರು ನಿನ್ನ ತವರಿನ ನೆಂಟರೇ ಆಗಿರಬಹುದು. ಎರಡು ವಾರ ಮೀರಿ ಕೆಮ್ಮುವವರು ಪರೀಕ್ಷೆಗೆ ಬರದೆ ತಪ್ಪಿಸಿಕೊಳ್ಳುವುದು ಸೋಮಾರಿತನಕ್ಕಲ್ಲ. ಟಿಬಿಯ ಆರು ತಿಂಗಳ ಮಾತ್ರೆಗಿಂತ ಅಕ್ಕಪಕ್ಕದವರ ಕಣ್ಣಿಗೆ ಅವರಿಗೆ ಹೆದರಿಕೆ ಹೆಚ್ಚು. ಗುಲಾಬಿ ಸೀರೆಯಲ್ಲಿ ದಿನವೂ ಅದೇ ಮನೆಯ ಮುಂದೆ ನಿಲ್ಲಬೇಡ. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಬಂದಾಗ ಮಾತನಾಡಿಸಿ ಮಾತ್ರೆ ಕೊಡು. ಮೊಬೈಲ್ ಗುಂಪಿನಲ್ಲಿ ಭೇಟಿಯ ಫೋಟೊ ಹಾಕಿ ಎಂದು ಮೇಲಿನವರು ಕೇಳಿದರೆ ರಿಜಿಸ್ಟರಿನ ಪುಟದ ಫೋಟೊ ಕಳಿಸು, ಅದೂ ಹೆಸರು ಮುಚ್ಚಿ. ಬಾಣಂತಿಯ ಮುಖ ಊರೆಲ್ಲ ಸುತ್ತುವುದು ಬೇಡ.

ಬಾಣಂತಿ ಕೋಣೆಯೆಂದರೆ ನಿನ್ನ ಕೆಲಸದ ಗರ್ಭಗುಡಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡಬೇಕು. ಈ ಪದ್ಧತಿಯ ಬೇರು ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಅಭಯ್ ಬಂಗ್, ರಾಣಿ ಬಂಗ್ ಎಂಬ ವೈದ್ಯ ದಂಪತಿ ಅಲ್ಲಿನ ಹಳ್ಳಿ ಹೆಂಗಸರಿಗೇ ನವಜಾತ ಶಿಶುವಿನ ಆರೈಕೆ ಕಲಿಸಿದರು. ನವಜಾತ ಶಿಶುಮರಣ ಅರ್ಧಕ್ಕಿಂತಲೂ ಕೆಳಗಿಳಿದ ಅವರ ವರದಿ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ನಿನಗಿಂತ ಹೆಚ್ಚು ಓದಿದವರೇನಲ್ಲ ಆ ಹೆಂಗಸರು.

ಒಳಗೆ ಕಾಲಿಟ್ಟ ಕೂಡಲೇ ಕಿಟಕಿ ತೆಗೆಯಿರಿ, ಹೊಗೆ ಹಾಕಬೇಡಿ ಎಂದು ಶುರುಮಾಡಬೇಡ. ಮಗುವಿನ ಅಜ್ಜಿಯ ಪಕ್ಕ ಕೂತುಕೋ. ಆ ಕೋಣೆಯ ಯಜಮಾನಿ ಅವಳೇ. ಮೊದಲ ಹಾಲನ್ನು ಹಿಂಡಿ ಚೆಲ್ಲುವ ಅಭ್ಯಾಸದ ಮನೆಯಾದರೆ, ಕರುವಿಗೆ ಗಿಣ್ಣು ಕುಡಿಸದೆ ಬಿಡುತ್ತೀರಾ ಅಮ್ಮಾ ಎಂದು ಕೇಳು. ದನ ಸಾಕಿದವರಿಗೆ ಅಷ್ಟು ಸಾಕು. ಆದರೆ ಇದನ್ನು ಬಸುರಿಯಿರುವಾಗಲೇ ಕೇಳಬೇಕು, ಮೂರನೇ ದಿನಕ್ಕೆ ಹಾಲು ಚೆಲ್ಲಿ ಆಗಿರುತ್ತದೆ. ಮಗು ಅಳದೆ ಮಲಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸು. ಅರವತ್ತು ಮುಟ್ಟಿದರೆ ಇನ್ನೊಮ್ಮೆ ಎಣಿಸು. ಎರಡನೆಯ ಸಲವೂ ಹಾಗೇ ಇದ್ದರೆ ಆಸ್ಪತ್ರೆ. ಮಗು ಹಾಲು ಚೀಪುತ್ತಿಲ್ಲ, ಎದೆ ಒಳಕ್ಕೆ ಸೆಳೆಯುತ್ತಿದೆ, ಹೊಟ್ಟೆ ಮುಟ್ಟಿದರೆ ತಣ್ಣಗಿದೆ ಎಂದಾದರೆ ಎಣಿಸುತ್ತಲೂ ಕೂರಬೇಡ. ಎರಡೂವರೆ ಕೆಜಿಗಿಂತ ಕಡಿಮೆ ತೂಗುವ ಮಗುವಿಗೆ ಎಣ್ಣೆನೀರಿನ ಸಂಭ್ರಮ ಸದ್ಯಕ್ಕೆ ಬೇಡ; ತಾಯಿಯ ಬರಿ ಎದೆಗೊತ್ತಿ ಮಲಗಿಸಿ ಮೇಲೆ ಹೊದಿಸು. ನಮ್ಮ ಕಡೆ 108ಕ್ಕೆ ಕರೆ ಮಾಡಲು ಗುಡ್ಡ ಹತ್ತಬೇಕು, ಹಾಗಾಗಿ ಹತ್ತಿರದಲ್ಲಿ ಜೀಪು ಇರುವ ಮನೆಯವರ ಜೊತೆ ಮೊದಲೇ ಮಾತಾಡಿಟ್ಟಿರು. (ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳ ಭೇಟಿ ಯಾವ ಆಶಾಳ ಲೆಕ್ಕಕ್ಕೆ ಎಂಬ ಜಗಳ ಬಂದೇ ಬರುತ್ತದೆ. ಮೊದಲು ಮಗುವನ್ನು ನೋಡಿ ಬಾ, ಆಮೇಲೆ ಜಗಳಾಡು.)

ಜನವರಿಯಿಂದ ಮೇ ತನಕ ಮಂಗನ ಕಾಯಿಲೆ ಹೆಚ್ಚುವ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಈ ಜ್ವರ ಇನ್ನೂ ನಮ್ಮನ್ನು ಬಿಟ್ಟಿಲ್ಲ. 2019ರಲ್ಲಿ ಸಾಗರದ ಅರಳಗೋಡು ಸುತ್ತ ಅದು ಎಷ್ಟು ಮನೆ ಅಳಿಸಿತೆಂದು ನಿನಗೇ ನೆನಪಿರಬಹುದು. ದರಗು, ಸೊಪ್ಪು, ಸೌದೆಗೆ ಹೋಗುವವರಿಗೆ ಉಣುಗು ಕಚ್ಚದಂತೆ ಕೈಕಾಲಿಗೆ ಹಚ್ಚುವ ಎಣ್ಣೆ ಹಂಚುವುದು ನಿನ್ನ ಪಾಲಿಗೆ ಬರುತ್ತದೆ. ಬಾಟಲಿ ಹಂಚಿದರೆ ಸಾಲದು, ಹಚ್ಚಿಕೊಂಡರೋ ಕೇಳು. ಎಲ್ಲಿ ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿ ಸರ್ಕಾರಕ್ಕಿಂತ ಮೊದಲು ನಿನಗೆ ತಲುಪಬೇಕು. ಜ್ವರ ಬಂದವರು ಕಾಡಿಗೆ ಹೋಗಿಯೇ ಇಲ್ಲ ಎಂದರೆ ನಂಬಿಬಿಡಬೇಡ. ಸೌದೆ ತಂದ ಸುದ್ದಿ ಅರಣ್ಯದವರ ಕಿವಿಗೆ ಬೀಳುತ್ತದೆಂಬ ಭಯ ಅವರಿಗೆ. ನಿನ್ನ ಬಾಯಿ ಗಟ್ಟಿ ಎಂದು ಗೊತ್ತಿದ್ದರೆ ಮಾತ್ರ ಯಾವ ಬೆಟ್ಟ, ಯಾವತ್ತು ಹೋಗಿದ್ದೆ ಎಂದು ಹೇಳುತ್ತಾರೆ. ತಲೆ ಸಿಡಿಯುವ ಜ್ವರವಾದರೆ ಅಂಗಡಿಯ ನೋವಿನ ಮಾತ್ರೆ ನುಂಗಲು ಬಿಡದೆ ರಕ್ತಪರೀಕ್ಷೆಗೆ ಕಳಿಸು.

ಮುಚ್ಚಿಡಬಾರದ ಗುಟ್ಟೂ ಒಂದಿದೆ. ಹದಿನೆಂಟು ತುಂಬದ ಹುಡುಗಿ ಬಸುರಿಯಾದ ಮನೆಯವರು ತಾಯಿ ಕಾರ್ಡಿನಲ್ಲಿ ಹತ್ತೊಂಬತ್ತು ಬರೆ ಎಂದು ಕೈ ಹಿಡಿಯುತ್ತಾರೆ, ಅವರು ನಿನ್ನ ಗಂಡನ ದಾಯಾದಿಗಳೇ ಆಗಿದ್ದಾರು. ಬರೆಯಬೇಡ. ಬೆಳೆಯದ ದೇಹದ ಹೆರಿಗೆಯ ಅಪಾಯವನ್ನು ಆ ಸುಳ್ಳು ಡಾಕ್ಟರ ಕಣ್ಣಿಂದ ಮರೆಮಾಡುತ್ತದೆ. ಆದರೆ ಆ ಭಾರವನ್ನು ಒಬ್ಬಳೇ ಹೊರಲು ಹೋಗಬೇಡ. ಎಎನ್‌ಎಂಗೂ ವೈದ್ಯಾಧಿಕಾರಿಗೂ ಅದೇ ದಿನ ತಿಳಿಸು, ಮುಂದಿನ ಕಾನೂನಿನ ಕೆಲಸ ಅವರು ಮಾಡಲಿ. ಊರು ಸ್ವಲ್ಪ ದಿನ ನಿನ್ನ ಮೇಲೆ ಮುನಿಸಿಕೊಂಡೀತು.

ದುಡ್ಡಿನ ಮಾತು ಆಡದೆ ಪತ್ರ ಮುಗಿಸಿದರೆ ನನ್ನ ಬುದ್ಧಿವಾದಕ್ಕೆ ಬೆಲೆಯಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು, ಸಂತೋಷ. ಮಗುವಿನ ಆ ಆರು ಭೇಟಿಗೆ ಕೇಂದ್ರ ಗೊತ್ತುಮಾಡಿದ ಪ್ರೋತ್ಸಾಹಧನ ಒಟ್ಟು 250 ರೂಪಾಯಿ! 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆಶಾಗಳು ಹಗಲೂ ರಾತ್ರಿ ಧರಣಿ ಕೂತ ಮೇಲೆ ತಿಂಗಳಿಗೆ ಕನಿಷ್ಠ ಹತ್ತು ಸಾವಿರದ ಭರವಸೆ ಸಿಕ್ಕಿತು. ಕೂರದಿದ್ದರೆ ಅದೂ ಇರುತ್ತಿರಲಿಲ್ಲ. ಸೇವೆ ಮಾಡುವವರು ಸಂಬಳ ಕೇಳಬಾರದು ಎನ್ನುವವರನ್ನು, ನೀವು ಸಂಬಳ ಬಿಟ್ಟಿದ್ದೀರಾ ಎಂದು ಕೇಳು. ಇಲಾಖೆಯ ಪೋರ್ಟಲಿನಲ್ಲಿ ಏರದ ಕೆಲಸಕ್ಕೆ ಹಣ ಬರುವುದಿಲ್ಲ, ಹಾಗಾಗಿ ಪ್ರತಿ ಭೇಟಿಯನ್ನೂ ತಾರೀಖು ಸಮೇತ ನಿನ್ನದೇ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೋ. ಸಂಘಕ್ಕೆ ಸೇರು. ಧರಣಿಗೆ ಹೊರಡುವ ಹಿಂದಿನ ದಿನ ಮಾತ್ರ ಯಾರಿಗೆ ದಿನ ತುಂಬಿದೆ ನೋಡಿ, ಅವರ ಮನೆಗೆ ಎಎನ್‌ಎಂ ನಂಬರು ಬರೆದುಕೊಟ್ಟು ಬಸ್ಸು ಹತ್ತು.

ಇಂತಿ,
ನಿನ್ನ ಹಳೆಯ ಸಿಸ್ಟರಕ್ಕ