ಗುಂಡನ ಖರ್ಚು ಯಾರ ಲೆಕ್ಕಕ್ಕೆ?

ನಮ್ಮ ವಿಚ್ಛೇದನದ ಒಪ್ಪಂದದಲ್ಲಿ ಮಗಳ ಶಾಲೆಯ ಶುಲ್ಕದ ಮಾತಿದೆ, ಬಟ್ಟೆಬರೆಯದಿದೆ, ಆಸ್ಪತ್ರೆಯದಿದೆ. ಎರಡನೇ ಮತ್ತು ನಾಲ್ಕನೇ ಶನಿವಾರ ಅವಳು ಅಪ್ಪನ ಮನೆಗೆ ಹೋಗಬೇಕೆಂದೂ ಬರೆದಿದೆ. ಹೆಬ್ಬಾವಿನ ಬಗ್ಗೆ ಒಂದು ಸಾಲೂ ಇಲ್ಲ. ನಾವಿಬ್ಬರೂ ಸಹಿ ಹಾಕಿದಾಗ ಅದಿನ್ನೂ ಮನೆಗೆ ಬಂದಿರಲಿಲ್ಲ.

ನಾನು ಮಗಳ ಜೊತೆ ಹೊಳಲ್ಕೆರೆಯಲ್ಲಿದ್ದೇನೆ, ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಅವಳ ಅಪ್ಪ ಹಿರಿಯೂರಿನಲ್ಲಿದ್ದಾರೆ, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ದುರಸ್ತಿ ಮಾಡುತ್ತಾರೆ. ನನ್ನ ತವರು ಹೊಸದುರ್ಗದ ಕಡೆ, ತೆಂಗಿನ ತೋಟದ ಮನೆ. ವಕೀಲರು ಚಿತ್ರದುರ್ಗದವರು. ಒಂದು ಹಾವಿನ ಖರ್ಚಿನ ಮಾತು ಈ ನಾಲ್ಕೂ ಊರುಗಳಲ್ಲಿ ಎರಡು ವರ್ಷ ನಡೆಯಿತು. ಬೇರೆಯಾದ ತಂದೆತಾಯಿಯರ ನಡುವೆ ನಾಯಿಗೋ ಗಿಳಿಗೋ ಕುರಿಮರಿಗೋ ಇಂಥದ್ದೇ ಜಗಳ ನಡೆಯುತ್ತಿರುವುದು ನನಗೆ ಗೊತ್ತು. ಅದಕ್ಕೇ ಇದನ್ನು ಹಣಕಾಸಿನ ಅಂಕಣದಲ್ಲಿ ಬರೆಯುತ್ತಿದ್ದೇನೆ.

ಮಗಳಿಗೆ ಚಿಕ್ಕಂದಿನಿಂದಲೂ ಹಾವೆಂದರೆ ಪ್ರಾಣ. ಅಡಿಕೆ ತೋಟದಲ್ಲಿ ಕೇರೆಹಾವು ಕಂಡರೆ ಬೇರೆ ಮಕ್ಕಳು ಓಡುತ್ತಿದ್ದರು, ಇವಳು ಅದರ ಹಿಂದೆ ಹೋಗುತ್ತಿದ್ದಳು. ಒಂದನ್ನು ಸಾಕುತ್ತೇನೆಂದು ಹಟ ಹಿಡಿದಾಗ ನಾನು ಕಾನೂನು ಹೇಳಿ ತಡೆದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ. ನಮ್ಮ ನಾಡಿನ ಹೆಬ್ಬಾವು, ನಾಗರಹಾವುಗಳು ಮೊದಲನೇ ಪರಿಚ್ಛೇದದಲ್ಲಿವೆ. ಆ ತಪ್ಪಿಗೆ ಮೂರರಿಂದ ಏಳು ವರ್ಷ ಜೈಲು, ಜೊತೆಗೆ 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ‘ಎರಡು ತಲೆ ಹಾವು’ ಮನೆಯಲ್ಲಿದ್ದರೆ ಲಕ್ಷ್ಮಿ ಬರುತ್ತಾಳೆ, ಲಕ್ಷಗಟ್ಟಲೆ ಕೊಟ್ಟು ಕೊಳ್ಳುವವರಿದ್ದಾರೆ ಎಂದು ಪುಸಲಾಯಿಸುವವರು ಇನ್ನೂ ಇದ್ದಾರೆ. ಅದಕ್ಕೆ ಎರಡು ತಲೆಯಿಲ್ಲ. ಬಾಲ ಮೊಂಡಾಗಿರುವುದರಿಂದ ಹಾಗೆ ಕಾಣುತ್ತದೆ. ಮಣ್ಣಿನಲ್ಲಿ ಹುದುಗಿ ಬದುಕುವ ಆ ಬಡಪ್ರಾಣಿಯನ್ನು ಹಿಡಿದವರಿಗೂ ಕೊಳ್ಳಹೋದವರಿಗೂ ಪೊಲೀಸ್ ಕೇಸು ಬೀಳುತ್ತದೆ. ದುಡ್ಡು ಹೂಡುವ ಮಾತು ಯಾರಾದರೂ ತಂದರೆ ಬಾಗಿಲಲ್ಲೇ ತಿರುಗಿಸಿ ಕಳಿಸಿ.

ಮಗಳ ಅಪ್ಪ ಕಾನೂನು ಮೀರಲಿಲ್ಲ. ಅವಳ ಹುಟ್ಟುಹಬ್ಬಕ್ಕೆ ಬೆಂಗಳೂರಿನಿಂದ ಬಾಲ್ ಪೈಥಾನ್ ತಂದರು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು, ವಿಷವಿಲ್ಲ, ಬೆಳೆದರೂ ಸಾಮಾನ್ಯವಾಗಿ ಐದು ಅಡಿ ಮೀರುವುದಿಲ್ಲ, ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. ಮಗಳು ಅದಕ್ಕೆ ಗುಂಡ ಎಂದು ಹೆಸರಿಟ್ಟಳು. ಹಾವಿಗೆ 16,000 ರೂಪಾಯಿ, ಗಾಜಿನ ಪೆಟ್ಟಿಗೆ, ಬಿಸಿ ಕೊಡುವ ದೀಪ, ತಾಪಮಾನ ನಿಯಂತ್ರಿಸುವ ಸಾಧನ ಎಲ್ಲ ಸೇರಿ ಇನ್ನೊಂದು 8,000. ಅಷ್ಟನ್ನೂ ಅವರೇ ಕೊಟ್ಟರು. ವಾರವಿಡೀ ಮಗಳು ನನ್ನ ಬಳಿ ಇರುವುದರಿಂದ ಪೆಟ್ಟಿಗೆ ನನ್ನ ಮನೆಗೆ ಬಂತು. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಸುದ್ದಿ ಕೇಳಿ ಹೊಸದುರ್ಗದಿಂದ ಬಂದ ನನ್ನ ತಾಯಿ ಬಾಗಿಲಲ್ಲೇ ನಿಂತುಬಿಟ್ಟರು. ‘ಹುತ್ತಕ್ಕೆ ಹಾಲೆರೆಯೋ ಮನೆಯಾಗೆ ಹಾವನ್ನ ಪೆಟ್ಟಿಗ್ಯಾಗೆ ಇಟ್ಟೀಯಲ್ಲೇ’ ಎಂದರು. ಬೆಳಿಗ್ಗೆ ಲಿಂಗಪೂಜೆ ನಡೆಯುವ ಮನೆ ನಮ್ಮದು, ಮೊಟ್ಟೆಯೂ ಒಳಗೆ ಬಂದದ್ದಿಲ್ಲ. ಈಗ ಫ್ರೀಜರಿನಲ್ಲಿ ಇಲಿಗಳು. ಅಮ್ಮ ನಮ್ಮ ಫ್ರಿಜ್ಜಿನ ನೀರು ಕುಡಿಯುವುದನ್ನು ಬಿಟ್ಟರು. ಮೊಮ್ಮಗಳ ಮುಖ ನೋಡಿ ಸ್ವಲ್ಪ ಸಮಾಧಾನವಾದ ಮೇಲೆ ಅವರು ಕೇಳಿದ್ದು ಒಂದೇ: ‘ಎಮ್ಮೆ ಕೊಡಿಸಿದೋರು ಹುಲ್ಲಿಗೆ ಎಷ್ಟು ಕೊಡ್ತಾರಂತೆ?’

ಆ ಪ್ರಶ್ನೆಗೆ ನಾನು ಲೆಕ್ಕ ಹಾಕಿದೆ. ಬೆಂಗಳೂರಿನಿಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬರುವ ಇಲಿಗಳಿಗೆ ಸಾಗಣೆ ಸೇರಿ ತಿಂಗಳಿಗೆ 700 ರೂಪಾಯಿ. ಪೆಟ್ಟಿಗೆಗೆ ಹಾಸಲು ತೆಂಗಿನ ನಾರಿನ ಪುಡಿ, ಅದು ಇದು ಎಂದು 150. ಪೆಟ್ಟಿಗೆಯ ಒಳಗೆ ಒಂದು ಬದಿ 31–32 ಡಿಗ್ರಿ ಇರಬೇಕು, ಇನ್ನೊಂದು ಬದಿ ಸ್ವಲ್ಪ ತಂಪಾಗಿರಬೇಕು. 60 ವಾಟ್‌ನ ದೀಪ ದಿನಕ್ಕೆ ಹನ್ನೆರಡು ತಾಸು ಉರಿದರೂ ತಿಂಗಳಿಗೆ 22 ಯೂನಿಟ್ ಹತ್ತಿರ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಪ್ರತಿ ಮನೆಗೆ ಅದರದೇ ಹಿಂದಿನ ಸರಾಸರಿ ಬಳಕೆಯ ಮೇಲೆ ಮಿತಿ ನಿಗದಿಯಾಗಿದೆ. ನಮ್ಮದು ಚಿಕ್ಕ ಮನೆ, ಮಿತಿಯೂ ಚಿಕ್ಕದು. ಗುಂಡ ಬಂದ ಮೇಲೆ ಮಿತಿ ದಾಟಿತು, ದಾಟಿದ್ದಕ್ಕೆ 150 ರೂಪಾಯಿಯಷ್ಟು ಬಿಲ್ಲು. ತಿಂಗಳಿಗೆ ಒಟ್ಟು 1,000. ಹಾವಿನ ಕಾಯಿಲೆ ಬಲ್ಲ ವೈದ್ಯರಿಗಾಗಿ ಬೆಂಗಳೂರಿಗೇ ಹೋಗಬೇಕಾದ್ದರಿಂದ ಅದಕ್ಕೆ ವರ್ಷಕ್ಕೆ 6,000 ಎತ್ತಿಟ್ಟೆ. ವರ್ಷಕ್ಕೆ 18,000 ರೂಪಾಯಿ.

ಈ ಹಾವು ಚೆನ್ನಾಗಿ ನೋಡಿಕೊಂಡರೆ 20–30 ವರ್ಷ ಬದುಕುತ್ತದೆ. 25 ವರ್ಷ ಎಂದು ಹಿಡಿದರೆ ಇವತ್ತಿನ ಬೆಲೆಯಲ್ಲೇ ನಾಲ್ಕೂವರೆ ಲಕ್ಷ. ಖರ್ಚು ವರ್ಷಕ್ಕೆ ಶೇ 6ರಂತೆ ಏರಿದರೆ ಹತ್ತು ಲಕ್ಷದ ಹತ್ತಿರ. ಉಡುಗೊರೆ ಕೊಟ್ಟವರ ಜೇಬಿನಿಂದ ಹೋದದ್ದು 24,000. ಮಗಳಿಗೆ ಈಗ ಹನ್ನೊಂದು. ಅವಳು ಹದಿನೆಂಟಕ್ಕೆ ಹಾಸ್ಟೆಲ್ ಸೇರಿದರೆ ಗುಂಡನ ಆಯುಸ್ಸು ಇನ್ನೂ ಹದಿನೈದಿಪ್ಪತ್ತು ವರ್ಷ ಉಳಿದಿರುತ್ತದೆ. ಮಗಳು ಎಲ್ಲಿರಬೇಕು ಎಂಬುದರ ಬಗ್ಗೆ ಆಗ ಯಾವ ಆದೇಶವೂ ಇರುವುದಿಲ್ಲ, ಹಾವು ಮಾತ್ರ ಯಾರದೋ ಒಬ್ಬರ ಮನೆಯಲ್ಲಿ ಇದ್ದೇ ಇರಬೇಕು.

ಈ ಲೆಕ್ಕ ತೋರಿಸಿದಾಗ ಅವರು ಹೇಳಿದ್ದು: ‘ತಿಂಗಳು ತಿಂಗಳು ಜೀವನಾಂಶ ಕೊಡ್ತಿದೀನಲ್ಲ, ಅದರಲ್ಲೇ ನೋಡ್ಕೋ.’ ಆ ಹಣ ಮಗಳ ಊಟ, ಶಾಲೆ, ಔಷಧಿಗೆ ಲೆಕ್ಕ ಹಾಕಿ ನಿಗದಿಯಾದದ್ದು. ಒಬ್ಬರು ಮೆಚ್ಚಿ ಕೊಟ್ಟ ಉಡುಗೊರೆಯ ಮೇವನ್ನು ಮಗುವಿನ ಅನ್ನದ ಪಾಲಿನಿಂದ ತೆಗೆಯಬಾರದು. ಇದರಲ್ಲಿ ನನಗೆ ಅವತ್ತೂ ಅನುಮಾನವಿರಲಿಲ್ಲ, ಇವತ್ತೂ ಇಲ್ಲ. ‘ಹಾಗಾದರೆ ಹಾವನ್ನ ಹಿರಿಯೂರಿಗೆ ಕಳಿಸು’ ಎಂದರು. ಅದು ನನಗೆ ಇನ್ನೂ ಕಷ್ಟವಾಯಿತು. ಹಾವು ಅಲ್ಲಿದ್ದರೆ ಮಗಳ ಮನಸ್ಸೂ ಅಲ್ಲೇ ಇರುತ್ತದೆ. ಇಲ್ಲೇ ಇಟ್ಟುಕೊಂಡರೆ ಶನಿವಾರ ಅಪ್ಪನ ಮನೆಗೆ ಹೋಗಲು ಅವಳು ಹಿಂಜರಿಯುತ್ತಾಳೆ ಎಂಬ ಭಯ ಅವರಿಗೂ ಇದ್ದಿರಬೇಕು. ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಒಯ್ದು ತರೋಣವೆಂದರೆ ಅದು ಜಾಗ ಬದಲಾದರೆ ಬೆದರಿ ಮೇವು ಬಿಡುವ ಜಾತಿ.

ಮಾಗಿಯ ಚಳಿಗೆ ಗುಂಡ ತಿನ್ನುವುದನ್ನು ನಿಲ್ಲಿಸಿತು. ಅದು ನಮಗೆ ಗೊತ್ತಾದದ್ದು ತಡವಾಗಿ. ಮಗಳು ಪ್ರತಿ ಸಲವೂ ತಿನ್ನದೆ ಉಳಿದ ಇಲಿಯನ್ನು ಪೇಪರಿನಲ್ಲಿ ಸುತ್ತಿ ಹಿತ್ತಿಲಲ್ಲಿ ಹೂಳುತ್ತಿದ್ದಳು, ಹಾವು ತಿಂದಿತು ಎನ್ನುತ್ತಿದ್ದಳು. ಹಿಂದಿನ ಸಲ ವೈದ್ಯರ ಬಿಲ್ಲಿನ ಮೇಲೆ ನಾವಿಬ್ಬರೂ ಫೋನಿನಲ್ಲಿ ಕೂಗಾಡಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ‘ಡಾಕ್ಟರ ಹತ್ರ ಹೋದ್ರೆ ಮತ್ತೆ ಜಗಳ ಆಡ್ತೀರಿ ಅಂತ ಹೇಳಲಿಲ್ಲ ಅಮ್ಮ’ ಎಂದಳು. ಬೆಂಗಳೂರಿನ ವೈದ್ಯರು ನೋಡಿ, ಈ ಹಾವುಗಳು ಚಳಿಗಾಲದಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸವಿರುವುದು ಸಾಮಾನ್ಯ, ತೂಕ ಇಳಿಯದಿದ್ದರೆ ಹೆದರಬೇಡಿ ಎಂದರು. ಗುಂಡನಿಗೆ ಏನೂ ಆಗಿರಲಿಲ್ಲ. ಹನ್ನೊಂದು ವರ್ಷದ ಹುಡುಗಿ ಎರಡು ಮನೆಗಳ ಖರ್ಚನ್ನು ತಲೆಯ ಮೇಲೆ ಹೊತ್ತುಕೊಂಡು ಸುಳ್ಳು ಹೇಳಲು ಕಲಿತಿದ್ದಳು. ನನ್ನ ಎದೆ ಒಡೆದದ್ದು ಅದಕ್ಕೆ, ಅವರದೂ ಅದಕ್ಕೇ.

ಆಮೇಲೆ ಚಿತ್ರದುರ್ಗದಲ್ಲಿ ಕೂತು ಮಾತಾಡಿದೆವು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಲು ಸಂಕೋಚ ಬೇಡ. ನಾವು ಹೊಸ ಕೇಸು ಹಾಕಲಿಲ್ಲ, ಹಳೆಯ ಒಪ್ಪಂದಕ್ಕೆ ಎರಡು ಪುಟ ಸೇರಿಸಿದೆವು.

ಮೊದಲು ಮಾತಾದದ್ದು ಹಾವಿನ ಕಾಗದಪತ್ರದ್ದು. ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರು ಅವನ್ನು ನೋಂದಾಯಿಸಬೇಕು. 2024ರ ಫೆಬ್ರುವರಿಯಲ್ಲಿ ಅದಕ್ಕೆಂದೇ ನಿಯಮ ಬಂದಿದೆ, ಅರ್ಜಿಯನ್ನು ಪರಿವೇಶ್ ಜಾಲತಾಣದಲ್ಲಿ ಹಾಕಬೇಕು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ. ಗುಂಡನ ನೋಂದಣಿ ಅಪ್ಪನ ಹೆಸರಲ್ಲಿ, ಹಿರಿಯೂರಿನ ವಿಳಾಸದಲ್ಲಿತ್ತು. ಹಾವು ಇದ್ದದ್ದು ಹೊಳಲ್ಕೆರೆಯಲ್ಲಿ. ಇನ್ನೊಬ್ಬರಿಗೆ ಕೊಟ್ಟರೆ ಅದನ್ನೂ ಅರಣ್ಯ ಇಲಾಖೆಗೆ ತಿಳಿಸಬೇಕು. ಮಗಳ ಪ್ರೀತಿ ಯಾರ ಮೇಲೆ ಎಷ್ಟಿದೆ ಎಂಬುದನ್ನು ಇಲಾಖೆ ಕೇಳುವುದಿಲ್ಲ, ಯಾರ ಹೆಸರಿನಲ್ಲಿದೆಯೋ ಹೊಣೆ ಅವರದು. ಹೆಸರು, ವಿಳಾಸ ನನಗೆ ವರ್ಗವಾಗಲೆಂದು ಅರ್ಜಿ ಕೊಟ್ಟೆವು.

ಖರ್ಚಿಗೆ ಮಗಳ ಹೆಸರಲ್ಲೇ ಬೇರೆ ಉಳಿತಾಯ ಖಾತೆ ತೆರೆದೆವು. ಹತ್ತು ವರ್ಷ ದಾಟಿದ ಮಕ್ಕಳು ಬ್ಯಾಂಕ್ ಹಾಕುವ ಮಿತಿಯೊಳಗೆ ತಾವೇ ಖಾತೆ ತೆರೆದು ನಡೆಸಬಹುದೆಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ಹಿಂದೆ ಮಗುವಿನ ಹೆಸರಲ್ಲಿ ತಾಯಿ ಹಣ ಇಡುವುದೇ ಹೋರಾಟವಾಗಿತ್ತು. ಲೇಖಕಿ ಗೀತಾ ಹರಿಹರನ್ 1984ರಲ್ಲಿ ಮಗನ ಹೆಸರಲ್ಲಿ 20,000 ರೂಪಾಯಿಯ ಬಾಂಡ್ ಕೊಳ್ಳಹೋದಾಗ ತಂದೆಯ ಸಹಿ ಬೇಕೆಂದು ರಿಸರ್ವ್ ಬ್ಯಾಂಕ್ ಅರ್ಜಿ ವಾಪಸ್ ಕಳಿಸಿತ್ತು. ತಂದೆ ಬದುಕಿರುವಾಗಲೂ ತಾಯಿ ಸಹಜ ಪೋಷಕಿಯಾಗಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1999ರಲ್ಲಿ. ನಾವಿಬ್ಬರೂ ತಿಂಗಳಿಗೆ ತಲಾ 750 ರೂಪಾಯಿ ಆ ಖಾತೆಗೆ ಹಾಕುತ್ತೇವೆ, ವರ್ಷಕ್ಕೆ ಅದೇ 18,000. ಜೀವನಾಂಶಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಬರೆದಿದೆ. ವೈದ್ಯರ ಬಿಲ್ಲು 2,000 ದಾಟುವ ಹಾಗಿದ್ದರೆ ಮೊದಲು ಫೋನ್ ಮಾಡಬೇಕು, ತುರ್ತಾದರೆ ಹತ್ತಿರವಿದ್ದವರು ಕೊಟ್ಟು ಆಮೇಲೆ ಅರ್ಧ ಪಡೆಯಬೇಕು.

ಹಾವು ಓಡಾಡುವುದಿಲ್ಲ, ಹೊಳಲ್ಕೆರೆಯಲ್ಲೇ ಇರುತ್ತದೆ. ಶನಿವಾರ ಮಗಳನ್ನು ಕರೆದೊಯ್ಯಲು ಬಂದಾಗ ಪೆಟ್ಟಿಗೆ ತೊಳೆದು ಹೊಸ ಹಾಸು ಹಾಕುವ ಕೆಲಸ ಅಪ್ಪ ಮಗಳದು. ನಾನು ಆ ಹೊತ್ತು ಸಂತೆಗೆ ಹೋಗುತ್ತೇನೆ. ಅವಳು ಓದಲು ಹೊರಟ ದಿನದಿಂದ ಗುಂಡ ಹಿರಿಯೂರಿನವರ ಹೊಣೆ. ಇಬ್ಬರಿಗೂ ಆಗದಿದ್ದರೆ ನಿಯಮದಂತೆ ನೋಂದಣಿ ಮಾಡಿಸಿಕೊಂಡು ಸಾಕುವವರಿಗೆ ಕೊಡಬೇಕು. ಜೋಗಿಮಟ್ಟಿ ಕಾಡಿಗೋ ತೋಟಕ್ಕೋ ಬಿಡುವ ಮಾತು ಬರಕೂಡದು. ಅದು ನಮ್ಮ ಕಾಡಿನ ಹಾವಲ್ಲ, ಬಿಟ್ಟರೆ ಸಾಯುತ್ತದೆ ಅಥವಾ ಇಲ್ಲಿನ ಪ್ರಾಣಿಗಳಿಗೆ ರೋಗ ಹಚ್ಚುತ್ತದೆ.

ನ್ಯಾಯಾಲಯಗಳು ಇಂಥದ್ದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಹೇಳುವವರಿದ್ದಾರೆ. 2023ರಲ್ಲಿ ಮುಂಬೈನ ಬಾಂದ್ರಾದ ಮ್ಯಾಜಿಸ್ಟ್ರೇಟ್ ನ್ಯಾಯಾಲಯ, ಗಂಡನಿಂದ ಬೇರೆಯಾದ ಮಹಿಳೆಗೆ ತಿಂಗಳಿಗೆ 50,000 ರೂಪಾಯಿ ಮಧ್ಯಂತರ ಜೀವನಾಂಶ ಕೊಡಿಸಿತು. ಅವರ ಮೂರು ರಾಟ್‌ವೀಲರ್ ನಾಯಿಗಳ ಖರ್ಚನ್ನು ಲೆಕ್ಕಕ್ಕೆ ಹಿಡಿಯಬಾರದೆಂಬ ಗಂಡನ ವಾದವನ್ನು ಒಪ್ಪಲಿಲ್ಲ. ಸ್ಪೇನ್ ದೇಶದಲ್ಲಿ 2022ರ ಜನವರಿಯಿಂದ, ದಂಪತಿ ಬೇರೆಯಾದಾಗ ಸಾಕುಪ್ರಾಣಿಯ ಪಾಲನೆಯನ್ನೂ ಖರ್ಚನ್ನೂ ನ್ಯಾಯಾಧೀಶರು ಪ್ರಾಣಿಯ ಹಿತ ನೋಡಿ ಹಂಚಬಹುದು. ನಮ್ಮಲ್ಲಿ ಅಂಥ ಕಾನೂನಿಲ್ಲ. ಆದರೆ 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆದಾಯ, ಆಸ್ತಿ, ಖರ್ಚುಗಳ ಪ್ರಮಾಣಪತ್ರ ಸಲ್ಲಿಸಬೇಕು. ಮನೆಯಲ್ಲಿ ಮಗು ಸಾಕಿದ ಪ್ರಾಣಿ ಇದ್ದರೆ ಅದರ ಮೇವು, ಔಷಧಿಯ ಖರ್ಚನ್ನು ಆ ಪಟ್ಟಿಯಲ್ಲಿ ಬರೆಯಿರಿ. ಬರೆಯದ ಖರ್ಚನ್ನು ಯಾವ ನ್ಯಾಯಾಧೀಶರೂ ಕೊಡಿಸಲಾರರು.

ಬೇರೆ ಬೇರೆ ಮನೆಗಳಲ್ಲಿರುವ ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ಮಗುವಿಗೆ ಜೀವವಿರುವ ಉಡುಗೊರೆ ತರುವ ಮೊದಲು ಅದು ಎಷ್ಟು ವರ್ಷ ಬದುಕುತ್ತದೆ, ತಿಂಗಳಿಗೆ ಏನು ಬೇಕು ಎಂದು ಕೇಳಿ, ಆ ಲೆಕ್ಕ ಹಿಡಿದು ಇನ್ನೊಂದು ಮನೆಗೆ ಫೋನ್ ಮಾಡಿ. ಈಗಾಗಲೇ ತಂದಿದ್ದರೆ ಈ ವಾರವೇ ಕೂತು ಎರಡು ಪುಟ ಬರೆದು ಇಬ್ಬರೂ ಸಹಿ ಹಾಕಿ. ದುಡ್ಡಿನ ಮಾತನ್ನು ಮಗುವಿನ ಕೈಯಲ್ಲಿ ಹೇಳಿ ಕಳಿಸಬೇಡಿ.