ಸೇವಂತಿಗೆ ಹೂ ಬಿಡಲು ಗೊಬ್ಬರಕ್ಕಿಂತ ಕತ್ತಲೆ ಮುಖ್ಯ

ಮಹಾನವಮಿ ಮುಗಿದು ಶೀಗಿ ಹುಣ್ಣಿಮೆ ಬಂದರೂ ಹಿತ್ತಲಿನ ಸೇವಂತಿಗೆ ಬರೀ ಎಲೆ ತುಂಬಿಕೊಂಡು ನಿಂತಿದ್ದರೆ, ಬಹಳ ಮಂದಿ ಮೊದಲು ಮಾಡುವ ಕೆಲಸ ಒಂದು ಹಿಡಿ ಯೂರಿಯಾ ಹಾಕಿ ಎರಡು ಕೊಡ ನೀರು ಸುರಿಯುವುದು. ತಪ್ಪಾಗುವುದು ಅಲ್ಲೇ. ಎಲೆ ಕಡುಹಸಿರಾಗಿದ್ದು, ಕಾಂಡ ದಪ್ಪಗಿದ್ದು, ಸುಳಿಯಲ್ಲಿ ಹೊಸ ಚಿಗುರು ಬರುತ್ತಲೇ ಇದ್ದರೆ ಆ ಗಿಡಕ್ಕೆ ಹಸಿವಿಲ್ಲ, ಹೊಟ್ಟೆ ತುಂಬಿದೆ. ನಿಜವಾಗಿ ಹಸಿದ ಗಿಡದ ಲಕ್ಷಣವೇ ಬೇರೆ: ಬುಡದ ಎಲೆಗಳು ಹಳದಿಯಾಗುತ್ತವೆ, ಕಾಂಡ ಬಡಕಲಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಮರೋಳ, ಹುನಗುಂದ, ಇಳಕಲ್ ಸುತ್ತಮುತ್ತ ಸೇವಂತಿಗೆ ಹೂ ಬಿಡದಿದ್ದರೆ ಯಾವುದು ಕಡಿಮೆಯಾಯಿತು ಎಂದು ಹುಡುಕುವ ಮೊದಲು ಯಾವುದು ಹೆಚ್ಚಾಯಿತು ಎಂದು ನೋಡಬೇಕು. ಹೆಚ್ಚಾಗುವುದು ಸಾಮಾನ್ಯವಾಗಿ ಮೂರು: ರಾತ್ರಿಯ ಬೆಳಕು, ನೀರು, ಸಾರಜನಕ.

ಇವುಗಳಲ್ಲಿ ಯಾರ ಗಮನಕ್ಕೂ ಬಾರದ್ದು ಬೆಳಕು. ಹಗಲು-ರಾತ್ರಿಯ ಉದ್ದ ನೋಡಿ ಹೂ ಬಿಡುವ ಗಿಡಗಳಿವೆ ಎಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ಪ್ರಕಟಿಸಿದರು. ಸೇವಂತಿಗೆ ಆ ಪೈಕಿ ಹಗಲು ಗಿಡ್ಡದಾದಾಗ ಹೂ ಬಿಡುವ ಗುಂಪಿಗೆ ಸೇರಿದ್ದು. ನಮ್ಮ ಭಾಗದಲ್ಲಿ ಜೂನ್ ಕೊನೆಗೆ ಹಗಲು ಸುಮಾರು 13 ಗಂಟೆ, ಡಿಸೆಂಬರ್ ಕೊನೆಗೆ 11 ಗಂಟೆಗಿಂತ ಸ್ವಲ್ಪ ಹೆಚ್ಚು. ಈ ಎರಡು ಗಂಟೆಯ ವ್ಯತ್ಯಾಸ ನಮ್ಮ ಅರಿವಿಗೆ ಬರುವುದಿಲ್ಲ, ಸೇವಂತಿಗೆಯ ಎಲೆಗೆ ಬರುತ್ತದೆ. ಎಲೆ ಅಳೆಯುವುದು ಕಡಿಯದೆ ಉಳಿದ ಕತ್ತಲೆಯನ್ನು. ನಡುರಾತ್ರಿ ಸ್ವಲ್ಪ ಹೊತ್ತು ಬಲ್ಬು ಹೊತ್ತಿದರೂ ಒಂದು ಉದ್ದ ರಾತ್ರಿ ಎರಡು ಗಿಡ್ಡ ರಾತ್ರಿಗಳಾಗಿ ಒಡೆಯುತ್ತದೆ, ಮೊಗ್ಗು ಮುಂದಕ್ಕೆ ಹೋಗುತ್ತದೆ. ಪಾಲಿಹೌಸಿನಲ್ಲಿ ಸೇವಂತಿಗೆ ಬೆಳೆಯುವವರು ಹೂವನ್ನು ತಡಮಾಡಲು ಬೇಕೆಂದೇ ರಾತ್ರಿ ದೀಪ ಹಾಕುತ್ತಾರೆ. ಬೀದಿಯ ಎಲ್‌ಇಡಿ ದೀಪದಡಿ ಗಿಡ ಇಟ್ಟವರು ಗೊತ್ತಿಲ್ಲದೆ ಅದನ್ನೇ ಮಾಡುತ್ತಿದ್ದಾರೆ. ಹಾಗಾಗಿ ಮೊದಲ ಪರೀಕ್ಷೆ ಇದು: ರಾತ್ರಿ ಹತ್ತರ ಮೇಲೆ ಹಿತ್ತಲಿಗೆ ಹೋಗಿ ಗಿಡದ ಪಕ್ಕ ನಿಲ್ಲಿ. ಎಲೆಯ ನೆರಳು ನೆಲದ ಮೇಲೆ ಕಂಡರೆ ಬೆಳಕು ಹೆಚ್ಚಾಗಿದೆ. ಕುಂಡವಾದರೆ ಗೋಡೆಯ ಮರೆಗೆ ಸರಿಸಿ. ನೆಲದಲ್ಲಿದ್ದರೆ ಆಗಸ್ಟ್ ಕೊನೆಯಿಂದ ಮೊಗ್ಗು ಬಲಿಯುವವರೆಗೆ ದೀಪದ ಕಡೆಗೆ ಒಂದು ಗೋಣಿತಟ್ಟು ಕಟ್ಟಿ. ಹಗಲಿನಲ್ಲಿ ಮಾತ್ರ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳಲೇಬೇಕು.

ಬೆಳಕಿನ ಜೊತೆಗೆ ನೋಡಬೇಕಾದ್ದು ನೆಡುವ, ಚಿವುಟುವ ಕಾಲ. ಕಾರಹುಣ್ಣಿಮೆಯಿಂದ ಮಣ್ಣೆತ್ತಿನ ಅಮಾವಾಸ್ಯೆಯೊಳಗೆ, ಮಿರಗದ ಮಳೆಗೆ ನೆಲ ಹದವಾದಾಗ, ಹಳೆ ಗಿಡದ ಬುಡದಿಂದ ಬೇರುಸಹಿತ ಬಿಡಿಸಿದ ಮರಿಗಳನ್ನು ಒಂದೊಂದು ಅಡಿ ಅಂತರದಲ್ಲಿ ನೆಡಬೇಕು. ಸುಮಾರು ನಾಲ್ಕು ವಾರಕ್ಕೆ ಗಿಡ ಗೇಣುದ್ದ ಆದಾಗ ಸುಳಿ ಚಿವುಟಿ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಮೆತ್ತಗಿರುವ ತುದಿಯನ್ನು ಎರಡು ಎಲೆಯೊಂದಿಗೆ ಚಿವುಟಿದರೆ ಸಾಕು, ಕತ್ತರಿಯೂ ಬೇಡ. ಹತ್ತು ದಿನದಲ್ಲಿ ಕೆಳಗಿನ ಕಂಕುಳುಗಳಿಂದ ಮೂರ್ನಾಲ್ಕು ಕವಲು ಒಡೆಯುತ್ತವೆ. ಮುಂದೆ ಹೂ ಬರುವುದು ಆ ಕವಲುಗಳ ತುದಿಯಲ್ಲಿ. ನಾಗರ ಪಂಚಮಿ ಹೊತ್ತಿಗೆ ಈ ಕೆಲಸ ಮುಗಿದಿರಲಿ. ಗಿಡ ಇನ್ನೂ ಪೊದೆಯಾಗಲಿ ಎಂಬ ಆಸೆಗೆ ಸೆಪ್ಟೆಂಬರಿನಲ್ಲೂ ಚಿವುಟುತ್ತ ಹೋದರೆ ಕೈಗೆ ಬರುವುದು ಚಿಗುರಲ್ಲ, ಮೊಗ್ಗಾಗಬೇಕಿದ್ದ ತುದಿ.

ಇನ್ನು ನೀರು ಮತ್ತು ಗೊಬ್ಬರ. ನಾರಾಯಣಪುರ ಜಲಾಶಯದ ನೀರನ್ನು ಎತ್ತಿ ಹುನಗುಂದ ಭಾಗದ ಸುಮಾರು 24,000 ಹೆಕ್ಟೇರಿಗೆ ಹನಿಹನಿಯಾಗಿ ಕೊಡಲು ರೂಪಿಸಿದ ರಾಮಥಾಳ (ಮರೋಳ) ಏತ ನೀರಾವರಿ ಯೋಜನೆಯ ನೆಲ ಇದು. ಬೇರಿಗೆ ಎಷ್ಟು ಬೇಕೋ ಅಷ್ಟೇ ನೀರು ಎಂಬ ಆ ತತ್ವ ಹಿತ್ತಲಿಗೂ ಒಪ್ಪುತ್ತದೆ. ಎರಿ ಮಣ್ಣು ಮೇಲೆ ಬಿರುಕು ಬಿಡುತ್ತದಲ್ಲ, ದಿನಾ ನೀರು ಹಾಕದೆ ಹೇಗೆ ಎಂದು ಕೇಳುವವರಿದ್ದಾರೆ. ಮೇಲ್ಪದರ ನೋಡಿ ತೀರ್ಮಾನಿಸಬಾರದು. ಬೆರಳನ್ನು ಎರಡು ಗೆಣ್ಣಿನಷ್ಟು ಒಳಗೆ ಇಳಿಸಿ. ಮಣ್ಣು ಬೆರಳಿಗೆ ಅಂಟಿದರೆ ಅಂದು ನೀರು ಬೇಡ. ಜಿಗುಟು ಮಣ್ಣಿನಲ್ಲಿ ನೀರು ನಿಂತರೆ ಬೇರಿಗೆ ಗಾಳಿ ಸಿಗುವುದಿಲ್ಲ, ಬುಡ ಕೊಳೆಯುತ್ತದೆ. ಅದಕ್ಕೇ ಅರ್ಧ ಅಡಿ ಏರು ಮಡಿ ಮಾಡಿ, ಎರಿ ಮಣ್ಣಿಗೆ ಮರಳನ್ನೂ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ಧಾರಾಳವಾಗಿ ಕಲಸಿ ನೆಡುವುದು ಒಳ್ಳೆಯದು. ಗೊಬ್ಬರವಿಲ್ಲದೆ ಹೂ ಬಂದೀತೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಬರುವುದಿಲ್ಲ. ಆದರೆ ಗೊಬ್ಬರದ ಹೊತ್ತು ಬೇರೆ. ಸಾರಜನಕ ಬೇಕಾಗುವುದು ನೆಟ್ಟಾಗ, ಮತ್ತೆ ಸುಳಿ ಚಿವುಟಿ ಕವಲೊಡೆಯುವಾಗ. ಆಗಸ್ಟ್ ದಾಟಿದ ಮೇಲೆ ಯೂರಿಯಾ ಮುಟ್ಟಬೇಡಿ. ಆಮೇಲೆ ಕೊಟ್ಟದ್ದೆಲ್ಲ ಎಲೆಗೆ ಹೋಗುತ್ತದೆ. ಎಳೆ ಮೊಗ್ಗಿಗೆ ಗಿಡಹೇನು ಮುತ್ತಿದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಚೂರು ಸಾಬೂನು ಕಲಸಿ ಸಂಜೆ ಸಿಂಪಡಿಸಿ.

ಬಾಗಲಕೋಟೆಯ ಬಿಸಿಲಿಗೆ ಇಂಥ ಹೂವೆಲ್ಲ ಆಗದು ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉರಿಬಿಸಿಲು ಮೊಗ್ಗನ್ನು ತಡಮಾಡುವುದು ನಿಜ. ಏಪ್ರಿಲ್–ಮೇನಲ್ಲಿ ಹೂ ನಿರೀಕ್ಷಿಸುವುದು ಸರಿಯಲ್ಲ. ಆದರೆ ಸೇವಂತಿಗೆ ಮೊಗ್ಗು ಕಟ್ಟುವುದು ಮಳೆ ಇಳಿದು ಥಂಡಿ ಹತ್ತುವ ಹೊತ್ತಿಗೆ. ಆ ಮಾತು ಪೂರ್ತಿ ಸಲ್ಲುವುದು ಸೇವಂತಿಗೆಯದೇ ಕುಟುಂಬದ ಇನ್ನೊಂದು ಗಿಡಕ್ಕೆ. ಈಗ ಆನ್‌ಲೈನಿನಲ್ಲಿ ‘ಯಾರೋ’ (yarrow) ಎಂಬ ಹೆಸರಿನಲ್ಲಿ ಸಿಗುವ ಬೀಜ ತರಿಸಿ, ಹಚ್ಚಗೆ ಹರಡಿದ ಜರಿಯಂಥ ಎಲೆ ನೋಡುತ್ತ ಹೂವಿಗೆ ಕಾಯುವವರಿದ್ದಾರೆ. ಅದು ಹಿಮಾಲಯದಂಥ ತಂಪು ಸೀಮೆಯ ಗಿಡ, ಸೇವಂತಿಗೆಗೆ ತದ್ವಿರುದ್ಧವಾಗಿ ಹಗಲು ಉದ್ದವಾದಾಗ ಹೂ ಬಿಡುವಂಥದ್ದು. ನಮ್ಮ 13 ಗಂಟೆಯ ಹಗಲು ಅದಕ್ಕೆ ಸಾಲದೇ ಹೋಗಬಹುದು. ಬೀಜದಿಂದ ಎದ್ದ ಸಸಿ ತನ್ನ ಸೀಮೆಯಲ್ಲೇ ಎಷ್ಟೋ ಸಲ ಎರಡನೇ ವರ್ಷಕ್ಕೆ ಹೂ ಬಿಡುತ್ತದೆ. ಸೇವಂತಿಗೆಯ ಮೊಗ್ಗು ತಡೆಯುವ ರಾತ್ರಿ ದೀಪ ಇದಕ್ಕೆ ನೆರವಾದೀತು, ಗೊಬ್ಬರವಂತೂ ಆಗದು. ಸಾರ ಹೆಚ್ಚಿದ ಮಣ್ಣಿನಲ್ಲಿ ಅದು ಎಲೆಯನ್ನಷ್ಟೇ ಬೆಳೆಸಿ ಬಾಗಿ ಬೀಳುತ್ತದೆ.

ಹೂ ಮುಗಿದ ಸೇವಂತಿಗೆಯನ್ನು ಕಿತ್ತೆಸೆಯಬೇಡಿ. ನೆಲದಿಂದ ಗೇಣು ಬಿಟ್ಟು ಕತ್ತರಿಸಿ, ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು ತಾಗದ ಕಡೆ ವಾರಕ್ಕೆರಡು ಸಲ ನೀರು ಕೊಟ್ಟು ಕಾಪಾಡಿ. ಮುಂದಿನ ಕಾರಹುಣ್ಣಿಮೆಗೆ ನೆಡಬೇಕಾದ ಮರಿಗಳು ಆ ಬುಡದಲ್ಲೇ ಏಳುತ್ತವೆ.