ಟಕ್ ಟಕ್ ಅಂದ್ರೆ ಮೊದಲು ಕೇಬಲ್ ಕೀಳಿ

ಫೈನಲ್ ಇಯರ್ ಪ್ರಾಜೆಕ್ಟ್ ರಿವ್ಯೂಗೆ ಇನ್ನು ನಾಲ್ಕೇ ದಿನ. ಹಳ್ಳಿಯೊಂದರ ಸೋಲಾರ್ ಪಂಪಿನಿಂದ ಎರಡು ತಿಂಗಳು ತೆಗೆದ ರೀಡಿಂಗ್ ಎಲ್ಲಾ ನಮ್ಮ ಒಂದೇ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿತ್ತು. ರಾತ್ರಿ ಲ್ಯಾಪ್‌ಟಾಪಿಗೆ ಹಾಕಿದರೆ ಟಕ್... ಟಕ್... ಟಕ್. ಡ್ರೈವ್ ಒಮ್ಮೆ ಕಾಣುತ್ತೆ, ಒಮ್ಮೆ ಮಾಯ. ನಾವು ಮೂವರು ಏನು ಮಾಡಿದೆವು? ಕೇಬಲ್ ಕಿತ್ತು ಕಿತ್ತು ಹತ್ತು ಸಲ ಹಾಕಿದೆವು, ಚೆಕ್‌ಡಿಸ್ಕ್ ಓಡಲು ಬಿಟ್ಟು ಮಲಗಿದೆವು. ಬೆಳಗ್ಗೆ ಡಿಸ್ಕ್ ಕಾಣಿಸಲೇ ಇಲ್ಲ. ನಿಮಗೆ ಹೀಗಾಗದಿರಲಿ ಅಂತ ಈ ಪಾಠ.

ಒಳಗೆ ಆಗೋದೇನು?

ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತದೆ. ನಮ್ಮ ತಲೆಕೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೊಮೀಟರ್. ಹಾಗಾದರೆ ಅಲ್ಲಿ ಒಂದು ಧೂಳಿನ ಕಣ ಎಷ್ಟು ದೊಡ್ಡ ಬಂಡೆ, ನೀವೇ ಲೆಕ್ಕ ಹಾಕಿ. ಹೆಡ್ ಕೆಟ್ಟರೆ ತನ್ನ ಜಾಗ ಸಿಗದೆ ಮತ್ತೆ ಮತ್ತೆ ಹಿಂದೆ ಹೋಗಿ ಬರುತ್ತದೆ. ಆ ಸದ್ದೇ ಟಕ್ ಟಕ್. ಅದು ತಟ್ಟೆಗೆ ತಾಗಿದರೆ ಡೇಟಾ ಇರುವ ಲೇಪನವೇ ಕೆರೆದುಹೋಗುತ್ತದೆ. ಅಂದರೆ, ನಾವು ಆನ್ ಮಾಡಿದ ಒಂದೊಂದು ಸಲವೂ ನಷ್ಟ ಹೆಚ್ಚಿಸಿರಬಹುದು.

ಮೊದಲು ರೋಗ ಯಾವುದು ನೋಡಿ

1. ಡಿಸ್ಕ್ ಚೆನ್ನಾಗಿದೆ, ಫೈಲ್ ಡಿಲೀಟ್ ಆಗಿದೆ: ಪುಸ್ತಕದ ಪರಿವಿಡಿಯಲ್ಲಿ ಹೆಸರು ಹೊಡೆದುಹಾಕಿದ ಹಾಗೆ, ಪುಟಗಳು ಇನ್ನೂ ಅಲ್ಲೇ ಇರುತ್ತವೆ. ಆ ಡಿಸ್ಕಿಗೆ ಹೊಸದಾಗಿ ಏನನ್ನೂ ಬರೆಯಬೇಡಿ. ಟೆಸ್ಟ್‌ಡಿಸ್ಕ್, ಫೋಟೊರೆಕ್ ಎರಡೂ ಉಚಿತ. ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಸೇವ್ ಮಾಡಿ. ಎಸ್‌ಎಸ್‌ಡಿ ಆದರೆ ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗನೆ ಖಾಲಿ ಮಾಡಿಬಿಡುವುದರಿಂದ ಆಸೆ ಕಡಿಮೆ.

2. ಸದ್ದಿಲ್ಲ, ಆದರೆ ನಿಧಾನ, ಕಾಪಿ ಮಧ್ಯೆ ನಿಲ್ಲುತ್ತೆ: ಬ್ಯಾಡ್ ಸೆಕ್ಟರ್ ಇರಬಹುದು. ಸ್ಮಾರ್ಟ್ ವರದಿಯಲ್ಲಿ 5 ಮತ್ತು 197ನೇ ಸಾಲು ನೋಡಿ. ಅಲ್ಲಿ ಅಂಕಿ ಏರುತ್ತಿದ್ದರೆ ಅಪಾಯ. ಚೆಕ್‌ಡಿಸ್ಕ್ ರಿಪೇರಿ ಮಾಡಲು ಹೋಗಿ ಅದೇ ಡಿಸ್ಕಿಗೆ ಬರೆಯುತ್ತದೆ, ಆದ್ದರಿಂದ ಬೇಡ. ಲಿನಕ್ಸಿನ ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕಿನ ಇಮೇಜ್ ತೆಗೆಯಿರಿ. ಅದು ಸುಲಭವಾಗಿ ಓದಲು ಸಿಗುವ ಭಾಗವನ್ನು ಮೊದಲು ತೆಗೆದುಕೊಂಡು, ಕೆಟ್ಟ ಭಾಗಕ್ಕೆ ಕೊನೆಗೆ ಬರುತ್ತದೆ. ಮುಂದಿನ ಪ್ರಯೋಗವೆಲ್ಲ ಆ ಪ್ರತಿಯ ಮೇಲೆ.

3. ಟಕ್ ಟಕ್, ಅಥವಾ ಕೆಳಗೆ ಬಿದ್ದ ಡಿಸ್ಕ್: ಆಫ್ ಮಾಡಿ. ಮತ್ತೆ ಆನ್ ಮಾಡಬೇಡಿ. ಫ್ರೀಜರಿನಲ್ಲಿ ಇಡುವ ಉಪಾಯ ಕೇಳಿರುತ್ತೀರಿ. ತೇವ ಕೂತರೆ ಇನ್ನೂ ಕಷ್ಟ. ಮುಚ್ಚಳ ಬಿಚ್ಚುವುದು ಧೂಳಿಲ್ಲದ ಕೋಣೆಯಿರುವ ಲ್ಯಾಬಿನ ಕೆಲಸ. ನಾವು ಕೊಟ್ಟ ಅಂಗಡಿಯವರು ಫ್ಯಾನಿನ ಕೆಳಗೇ ಬಿಚ್ಚಿ ನೋಡಿದರು!

ಆಸೆ ಪೂರ್ತಿ ಬಿಡಬೇಕಿಲ್ಲ. 2003ರಲ್ಲಿ ಕಲ್ಪನಾ ಚಾವ್ಲಾ ಅವರಿದ್ದ ಕೊಲಂಬಿಯಾ ನೌಕೆ ಛಿದ್ರವಾದಾಗ ನೆಲಕ್ಕೆ ಬಿದ್ದ ಒಂದು ಸುಟ್ಟ ಹಾರ್ಡ್ ಡಿಸ್ಕಿನಿಂದ ತಜ್ಞರು ಬಹುಪಾಲು ಡೇಟಾ ತೆಗೆದರು. ತಟ್ಟೆಗೆ ಪೆಟ್ಟು ಬಿದ್ದಿದ್ದರೂ, ಡೇಟಾ ಬರೆದಿದ್ದ ಭಾಗ ಉಳಿದಿತ್ತು. ಆ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವೂ ಆಯಿತು.

ನಮ್ಮ ಡೇಟಾ ಮಾತ್ರ ಬರಲಿಲ್ಲ. ಪಂಪ್ ನೋಡಿಕೊಳ್ಳುತ್ತಿದ್ದ ಅಣ್ಣ ಮೊದಲ 19 ದಿನದ ಅಂಕಿಗಳನ್ನು ತಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದರು. 'ಲಾಗರ್ ಇದೆಯಲ್ಲಣ್ಣ, ನೀವ್ಯಾಕೆ ಬರೀತೀರಾ' ಅಂತ ನಗುತ್ತಾ ನಿಲ್ಲಿಸಿದ್ದೇ ನಾವು. ಅವರು ಪುಟಗಳ ಫೋಟೊ ಕಳಿಸಿದರು, ನಾವು ಟೈಪ್ ಮಾಡಿದೆವು. ನಮ್ಮ ರಿಪೋರ್ಟಿನಲ್ಲಿರುವುದು ಆ 19 ದಿನ ಮಾತ್ರ.

ಆದ್ದರಿಂದ 3-2-1 ಲೆಕ್ಕ ನೆನಪಿಡಿ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಲ್ಯಾಪ್‌ಟಾಪಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು, ಕ್ಲೌಡಿನಲ್ಲಿ ಒಂದು ಇದ್ದರೂ ಸಾಕು. ಪ್ರತಿ ಇಟ್ಟ ಮೇಲೆ ಒಂದು ಫೈಲ್ ತೆರೆದೂ ನೋಡಿ. ಇವತ್ತು ರಾತ್ರಿ ಊಟಕ್ಕೆ ಮೆಸ್ಸಿಗೆ ಹೋಗುವ ಮೊದಲು ಕಾಪಿಗೆ ಹಾಕಿ ಹೋಗಿ, ಬರುವಷ್ಟರಲ್ಲಿ ಮುಗಿದಿರುತ್ತೆ.